ವಿಮಾನ ಇಳಿಯುವತನಕ ಕಸ ಹೊಡೆಯಬಾರದು

ನನಗೊಂದು ಚಟವಿದೆ. ಕೈಯಲ್ಲಿ ಫೋನಿದ್ದು ಮಾಡಲು ಕೆಲಸವಿಲ್ಲದಿದ್ದರೆ ಎರಡು ವಿಮಾನ ನಿಲ್ದಾಣಗಳ ಹೆಸರು ಬರೆದು, ನಡುವಿನ ದೂರ ಎಷ್ಟು, ವಿಮಾನ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಅಂತ ಹುಡುಕುತ್ತೇನೆ. ಹುಬ್ಬಳ್ಳಿಯಿಂದ ಹೈದರಾಬಾದು. ಹುಬ್ಬಳ್ಳಿಯಿಂದ ಪುಣೆ. ಒಮ್ಮೊಮ್ಮೆ ನನಗೂ ನಮ್ಮ ಏಳು ತಲೆಮಾರಿಗೂ ಸಂಬಂಧವಿಲ್ಲದ ಜೈಪುರದಿಂದ ಗುವಾಹಟಿ. ಫೋನು ಒಂದು ಗಳಿಗೆ ಯೋಚನೆ ಮಾಡಿದಂತೆ ಮಾಡಿ, ಹಕ್ಕಿ ಹಾರುವ ಹಾದಿಯ ಕಿಲೋಮೀಟರು ಹೇಳಿ, ಕೆಳಗೆ ತಾಸು, ಮಿನಿಟು ತೋರಿಸುತ್ತದೆ. ನಾನು ಓದಿ, ತಲೆಯಾಡಿಸಿ, ಫೋನನ್ನು ಕಿಸೆಗೆ ಇಳಿಬಿಡುತ್ತೇನೆ.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬಾಜೂ ಕುರ್ಚಿಯ ಗಣಿತದ ಮಾಸ್ತರರು ಒಂದು ದಿನ ಇದನ್ನು ಬಗ್ಗಿ ನೋಡಿಬಿಟ್ಟರು.

"ಏನ್ರಿ ಸರ, ಎಲ್ಲಿಗೆ ಹೊಂಟೀರಿ?"

"ಎಲ್ಲೂ ಇಲ್ಲರಿ."

"ಮತ್ತ ಇದು?"

"ಸುಮ್ಮ ನೋಡಾಕತ್ತಿದ್ನಿ."

"ಒಮ್ಮೆರ ವಿಮಾನ ಹತ್ತೀರೇನು?"

"ಇಲ್ಲರಿ."

ಎಮ್ಮೆ ಇಲ್ಲದವನು ಹಿಂಡಿಯ ರೇಟು ಕೇಳಿದರೆ ಅಂಗಡಿಯವನು ಹೇಗೆ ನೋಡುತ್ತಾನೋ ಹಾಗೆ ನೋಡಿ, ಅವರು ತಮ್ಮ ಪೇಪರು ತಿದ್ದುವ ಕೆಲಸಕ್ಕೆ ಮರಳಿದರು. ಅವರಿಗೆ ನಿಜ ಹೇಳಲು ನನಗೆ ಸಂಕೋಚವಾಯಿತು. ನಿಮಗೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಈ ಲೆಕ್ಕ ಬೇಕಾಗುವುದು ಕಸಬರಿಗೆಗೆ.

ನಮ್ಮ ಮನೆ ಇರುವುದು ಅಣ್ಣಿಗೇರಿಯ ಮಗ್ಗುಲಿನ ಒಂದು ಹಳ್ಳಿಯಲ್ಲಿ. ಹೊಲ ಅಪ್ಪನ ಹೆಸರಿನಲ್ಲಿದೆ, ಅಡಿಗೆಮನೆ ಅವ್ವನ ಕೈಯಲ್ಲಿದೆ, ಆಡಳಿತ ಮಾತ್ರ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಅವಳು ನಡೆಸಿಕೊಂಡು ಬಂದ ಕಾಯ್ದೆ ಹೀಗಿದೆ: ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಹೋಗುವ ಊರು ಮುಟ್ಟುವತನಕ ಮನೆಯ ಕಸ ಹೊಡೆಯಬಾರದು.

ಸಣ್ಣವನಿದ್ದಾಗ ಒಮ್ಮೆ ಯಾಕೆ ಅಂತ ಕೇಳಿದ್ದೆ.

"ಹೊಂಟವರ ಬೆನ್ನಿಗೆ ಬಾರಿಗಿ ಹಿಡದ್ರ ಏನಂದಂಗಾತು? ಹೋಗು, ಮತ್ತ ಬರಬ್ಯಾಡ ಅಂದಂಗಾತಿಲ್ಲ? ಮತ್ತ ಬರಲಾರದವ್ರು ಹೋದಾಗಷ್ಟ ತಕ್ಷಣ ಕಸಾ ಹೊಡೀತಾರ."

ಅಜ್ಜ ತೀರಿಕೊಂಡು ಅವನನ್ನು ಹೊತ್ತೊಯ್ದ ಮೇಲೆ, ಹೊರಗೆ ಭಜನೆಯ ದನಿ ಇನ್ನೂ ಕೇಳುತ್ತಿದ್ದಾಗಲೇ ಅವ್ವ ಬಾರಿಗೆ ಹಿಡಿದು ಪಡಸಾಲೆಗೆ ಬಂದದ್ದನ್ನು ನಾನು ನೋಡಿದ್ದೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ಕಾಯ್ದೆಯಿತ್ತು, ಅದು ನಿಮ್ಮ ಮನೆಯಲ್ಲೂ ಇರಬಹುದು. ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊಡೆಯುವ ಹಾಗಿಲ್ಲ, ಲಕ್ಷ್ಮಿ ಹೊರಗೆ ಹೋಗುತ್ತಾಳೆ. ಬೆಳಿಗ್ಗೆ ಹೋದವರು ಹೊತ್ತು ಮುಳುಗುವುದರೊಳಗೆ ಮುಟ್ಟದಿದ್ದರೆ ಅವತ್ತಿನ ಕಸ ಮರುದಿನಕ್ಕೆ.

ಮಕ್ಕಳಾದ ನಮಗೆ ಇದು ಹಬ್ಬ. ಉಳಿದ ದಿನ ಶೇಂಗಾದ ಒಂದು ಸಿಪ್ಪೆ ನೆಲಕ್ಕೆ ಬಿದ್ದರೂ ಬೆನ್ನ ಮೇಲೆ ಕೈ ಬೀಳುತ್ತಿತ್ತು. ಅಪ್ಪ ಒಣಮೆಣಸಿನಕಾಯಿ ಚೀಲ ಹೇರಿಕೊಂಡು ಹುಬ್ಬಳ್ಳಿ ಪೇಟೆಗೆ ಹೋದ ದಿನ ಯಾರೂ ಕೇಳುವವರಿರಲಿಲ್ಲ. ಹೇಗೂ ಕಸ ಹೊಡೆಯುವುದಿಲ್ಲ, ಇನ್ನಷ್ಟು ಬಿದ್ದರೇನು? ಪಡಸಾಲೆಯ ತುಂಬ ಹುಣಸೆಬೀಜ, ಪೆನ್ಸಿಲಿನ ತೊಗಟೆ, ಕಾಗದದ ದೋಣಿ. ನಾನೂ ನನ್ನ ತಂಗಿ ನೇತ್ರಾಳೂ ದೇವರ ಮುಂದೆ ಕೈ ಮುಗಿದು ನಿಂತು, "ನಾಳೆ ಯಾರಾದ್ರೂ ಊರಿಗೆ ಹೋಗಲಿ" ಅಂತ ಬೇಡಿಕೊಂಡದ್ದುಂಟು. ಒಮ್ಮೆ ಅಪ್ಪ ಯಮನೂರಿಗೆ ಹರಕೆ ತೀರಿಸಲು ಹೋದವನು ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿದುಬಿಟ್ಟ. ಮುಟ್ಟಿದ ಸುದ್ದಿ ಬರಲಿಲ್ಲ. ಮರುದಿನ ಅವನು ಹಿಂದಿರುಗಿದಾಗ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವತ್ತಿನಷ್ಟು ಸುಖವಾಗಿ ನಾನು ಮತ್ತೆಂದೂ ಆಡಿಲ್ಲ.

ಫೋನಿಲ್ಲದ ಆ ದಿನಗಳಲ್ಲಿ ಮುಟ್ಟಿದ ಸುದ್ದಿ ಹೇಗೆ ಬರುತ್ತಿತ್ತು ಅನ್ನುತ್ತೀರಾ? ಬಸ್ಸಿನಲ್ಲಿ ಬರುತ್ತಿತ್ತು. ನಾನು ಧಾರವಾಡಕ್ಕೆ ಕಾಲೇಜಿಗೆ ಹೊರಟ ದಿನ ಆಯಿ ಕಂಡಕ್ಟರನ ಕೈಗೆ ನಾಲ್ಕು ಉಂಡಿ ಕೊಟ್ಟು, "ತಮ್ಮಾ, ನಮ್ಮ ಹುಡುಗನ್ನ ಇಳಿಸಿದ್ದು ನಂಗ ಹೇಳಬೇಕು" ಅಂದಿದ್ದಳಂತೆ. ಸಂಜೆ ಅದೇ ಬಸ್ಸು ಊರ ಮುಂದೆ ಬಂದಾಗ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಆಯೀ, ಇಳಿಸೇನ್ರಿ, ಹೊಡೀರಿ ಕಸಾ" ಅಂತ ಕೂಗಿದನಂತೆ. ಬಸ್ಸಿನೊಳಗಿನ ಮಂದಿಯೆಲ್ಲ ನಕ್ಕರು, ಅವ್ವ ಬಾರಿಗೆ ಹಿಡಿದಳು. ಇದನ್ನು ಕೇಳಿದಾಗ ನಾನು ಬಿ.ಎ. ಮೊದಲ ವರ್ಷದಲ್ಲಿದ್ದೆ, ಮೂಢನಂಬಿಕೆ ಅನ್ನುವ ಶಬ್ದವನ್ನು ಹೊಸದಾಗಿ ಕಲಿತಿದ್ದೆ, ಅದನ್ನು ಎಲ್ಲೆಲ್ಲಿ ಹಚ್ಚಬಹುದು ಅಂತ ನೋಡುತ್ತಿದ್ದೆ. ಆಯಿಗೂ ಹಚ್ಚಿದೆ. ಅವಳು, "ಆತು, ನೀ ಮುಟ್ಟಿದ್ಯಲ್ಲ, ಅಷ್ಟ ಸಾಕು" ಅಂದಳು.

ಈಗ ಒಂದು ಮಾತು ಹೇಳಿಬಿಡುತ್ತೇನೆ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ರಜೆಯಲ್ಲಿ ಉಳ್ಳಾಗಡ್ಡಿ ಲಾರಿಗೆ ಚೀಲ ಹೊತ್ತು, ಪರೀಕ್ಷೆಯಲ್ಲಿ ಒಮ್ಮೆ ಇಂಗ್ಲಿಷಿಗೆ ಬಿದ್ದು, ಎದ್ದು, ಬಿ.ಎಡ್. ಮುಗಿಸಿ, ಈಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪದವಿ ಪ್ರದಾನ ಸಮಾರಂಭದ ಕಪ್ಪು ಗೌನಿನ ಫೋಟೋ ನಮ್ಮ ಪಡಸಾಲೆಯಲ್ಲಿ ಬಸವಣ್ಣನವರ ಫೋಟೋದ ಕೆಳಗೇ ಇದೆ. ಗೌನು ಬಾಡಿಗೆಯದು, ಆದರೆ ಒಳಗಿರುವವನು ನಾನೇ.

ಡಿಗ್ರಿ ಆದ ಮೇಲೆ ಏನಾಗುತ್ತದೆಂದರೆ, ಜಗತ್ತಿನ ಎಲ್ಲ ಪ್ರಶ್ನೆಗಳಿಗೂ ಮನೆಯವರು ನಿಮ್ಮ ಮುಖ ನೋಡುತ್ತಾರೆ. ಟ್ರ್ಯಾಕ್ಟರಿನ ಬ್ಯಾಟರಿ ಯಾಕೆ ಕೂತಿತು ಅನ್ನುವುದೂ ನನಗೇ. ಹೀಗಾಗಿ ಯಾರಾದರೂ ಊರಿಗೆ ಹೊರಟರೆ, ಎಷ್ಟು ಹೊತ್ತಿಗೆ ಮುಟ್ಟುತ್ತಾರೆ ಅಂತ ಹೇಳುವ ಕೆಲಸವೂ ನನ್ನ ಪಾಲಿಗೆ ಬಂತು. ಬಸ್ಸು, ರೈಲುಗಳ ಮಟ್ಟಿಗೆ ನಾನು ತಪ್ಪಿದವನಲ್ಲ. ನನ್ನನ್ನು ಕೆಡವಿದ್ದು ವಿಮಾನ.

ನನ್ನ ಈರಪ್ಪ ಕಾಕಾ ಆಯಿಯ ಸಣ್ಣ ಮಗ, ನಮ್ಮ ಜೊತೆಗೇ ಇರುತ್ತಾನೆ. ಹೊಲದ ಕೆಲಸ ಬಿಟ್ಟರೆ ಅವನ ಜೀವ ಕರಡಿ ಮಜಲಿನಲ್ಲಿ. ದೇವರ ಪಲ್ಲಕ್ಕಿಯ ಮುಂದೆ ಬಾರಿಸುವ ಮೇಳ ಅದು, ಕರಡಿ ಅಂದರೆ ಅದರ ದೊಡ್ಡ ಚರ್ಮವಾದ್ಯ. ಹೋದ ಜನವರಿಯಲ್ಲಿ ಅವನ ಮೇಳಕ್ಕೆ ದಿಲ್ಲಿಯಲ್ಲೊಂದು ಕಾರ್ಯಕ್ರಮ ಬಂತು, ಅದೂ ವಿಮಾನದ ಖರ್ಚು ಅವರದೇ. ಡಿಗ್ರಿ ಮಾಡಿದವನು ನೆಲದ ಮೇಲೇ ಉಳಿದೆ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಕಾಕಾ ಹಾರಲು ನಿಂತ.

ಹೊರಡುವ ಹಿಂದಿನ ದಿನ ಇಳಿಹೊತ್ತಿನಲ್ಲಿ ಮೇಳದವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂಡಿದರು. ಜನವರಿ ಅಂದರೆ ನಮ್ಮ ಎರೆಹೊಲದಲ್ಲಿ ಕಡಲೆ ತುಂಬಿ ನಿಂತ ಕಾಲ. ಅಪ್ಪ ಹಸಿಕಡಲೆ ಗಿಡಗಳ ಒಂದು ಹೊರೆಯನ್ನೇ ಕಿತ್ತು ತಂದು ನಡುವೆ ಒಗೆದ. ಜೊತೆಗೆ ಕಬ್ಬು. ಅವರು ಸುಲಿದರು, ತಿಂದರು, ಜಗಿದರು, ದಿಲ್ಲಿಯಲ್ಲಿ ಥಂಡಿ ಎಷ್ಟಿರಬಹುದು ಅಂತ ವಾದ ಮಾಡಿದರು. ಏಳುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಕಸ ಹೊಡೆಯುವ ಹಾಗಿಲ್ಲ. ಮರುದಿನ ನಸುಕಿನಲ್ಲಿ ಅವ್ವ ಬುತ್ತಿಯ ರೊಟ್ಟಿ ಬಡಿಯುತ್ತಿದ್ದಾಗಲೇ ಟೆಂಪೋ ಬಂತು. ಕಾಕಾ ಆಯಿಯ ಕಾಲಿಗೆ ಬಿದ್ದು ಹತ್ತಿದ. ಈಗ ಅವನು ಮುಟ್ಟುವತನಕ ಕಸ ಹೊಡೆಯುವ ಹಾಗಿಲ್ಲ. ಎರಡು ಕಾಯ್ದೆಗಳ ನಡುವೆ ನಮ್ಮ ಪಡಸಾಲೆ ಸಿಕ್ಕಿಕೊಂಡಿತು.

ಆಯಿ ನನ್ನನ್ನು ಕರೆದಳು.

"ಶಂಕ್ರಾ, ದಿಲ್ಲಿ ಎಷ್ಟ ದೂರ ಆಗತೈತಿ?"

"ವಿಮಾನದ ಹಾದೀಲೆ ಸಾವಿರದೈನೂರು ಕಿಲೋಮೀಟರ್ ಹತ್ರ, ಆಯಿ."

"ಅದನ್ನ ಯಾರ ಕೇಳಿದ್ರು? ಕಸಾ ಯಾವಾಗ ಹೊಡೀಬೇಕು?"

ನಾನು ಫೋನಿನಲ್ಲಿ ನೋಡಿದೆ. "ಹತ್ತಕ್ಕ ಹಾರತೈತಿ. ಎರಡೂಮುಕ್ಕಾಲ ತಾಸು. ಒಂದಕ್ಕ ಹೊಡದಬಿಡು."

ಹಿಂದೆ ಮುಂದೆ ನೋಡದೆ ಇಂಥ ಉತ್ತರ ಕೊಡುವುದಕ್ಕೇ ನಾನು ಡಿಗ್ರಿ ಮಾಡಿದ್ದು ಅನ್ನಿಸಿ ಎದೆ ತುಸು ಉಬ್ಬಿತು. ಉಬ್ಬಿದ್ದು ಇಳಿಯುವ ಮೊದಲೇ ಅಪ್ಪನ ಫೋನು ರಿಂಗಾಯಿತು.

ಸಂಶಿ ಅನ್ನುವ ಊರಿನವರದು. ಮುಂದಿನ ಆದಿತ್ಯವಾರ ನೇತ್ರಾಳನ್ನು ನೋಡಲು ಬರುವವರಿದ್ದರು. "ನಮ್ಮ ಹುಡುಗನ ಸೋದರಮಾವಗ ಮುಂದಿನ ವಾರ ಆಗಂಗಿಲ್ಲರಿ. ಇವತ್ತ ಮಧ್ಯಾಹ್ನದ ಮ್ಯಾಲೆ ಬಂದ್ರ ನಡೀತೈತೇನ್ರಿ?" ಅಂದರು. ಅಪ್ಪನದೊಂದು ಸ್ವಭಾವ. ಫೋನಿನಲ್ಲಿ ಯಾರು ಏನು ಕೇಳಿದರೂ ಅವನ ಬಾಯಿಂದ ಬರುವುದು ಒಂದೇ ಮಾತು. "ಬರ್ರಿ, ಬರ್ರಿ, ಅಗದಿ ಖುಷಿಲೆ ಬರ್ರಿ" ಅಂದ. ಇಟ್ಟ ಮೇಲೆ ನೆಲ ನೋಡಿದ.

ನನ್ನ ತಂಗಿಯ ಬಗ್ಗೆ ಹೇಳಬೇಕು. ನೇತ್ರಾ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ದಿನಾ ಅಣ್ಣಿಗೇರಿಯಿಂದ ರೈಲಿನಲ್ಲಿ ಹೋಗಿ ಬರುತ್ತಾಳೆ. ಹಿಂದಿನ ಸಲ ನೋಡಲು ಬಂದವರು ಚಾ ಕುಡಿದು, ಹುಡುಗಿ ಹೊರಗೆ ಬಹಳ ಅಡ್ಡಾಡುತ್ತಾಳೆ ಅಂತ ಹೇಳಿಕಳಿಸಿದ್ದರು. ಅದಾದ ಮೇಲೆ ಯಾರ ಫೋಟೋ ತಂದರೂ ಬೋರಲು ಇಟ್ಟುಬಿಡುತ್ತಿದ್ದಳು. ಸಂಶಿಯ ಪ್ರವೀಣನ ಫೋಟೋ ಮಾತ್ರ ಬೋರಲಾಗಲಿಲ್ಲ. ಡಿಪ್ಲೊಮಾ ಮಾಡಿ ಅಲ್ಲೇ ಮೋಟಾರು, ಪಂಪು ರಿಪೇರಿಯ ಅಂಗಡಿ ಹಾಕಿದವನು. ನೌಕರಿ ಬಿಡಿಸುವುದಿಲ್ಲ ಅಂತ ಅವರೇ ಮೊದಲು ಹೇಳಿದ್ದರು.

ನೇತ್ರಾ ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

"ಅಣ್ಣಾ, ಈ ಮಂದಿ ನನ್ನ ನೌಕರಿಗೆ ಹೂಂ ಅಂದಾರ. ಇನ್ನ ಕಸಾ ನೋಡಿ ಬ್ಯಾಡ ಅಂದ್ರ ನಾ ಯಾರ ಮುಂದ ಹೇಳ್ಲಿ?"

"ಅವರು ಬರೂದ್ರಾಗ ಕಾಕಾ ಮುಟ್ಟಿರತಾನ. ಲೆಕ್ಕಾ ಐತಿ ನನ್ನ ಕಡೆ" ಅಂದೆ.

ಒಂದು ಗಂಟೆಗೆ ಅವ್ವ ಬಾರಿಗೆ ಹಿಡಿದು ನಿಂತಳು. ಆಯಿ, "ಮುಟ್ಟಿದ ಫೋನ್ ಬರಲಿ" ಅಂದಳು. ಫೋನು ಬಂತು.

"ಶಂಕ್ರಾ, ವಿಮಾನ ಇನ್ನಾ ಬಂದ ಇಲ್ಲಲೇ" ಅಂದ ಕಾಕಾ.

"ಎಲ್ಲೈತಿ?"

"ದಿಲ್ಲಿ ಬಿಟ್ಟು ಹಾದ್ಯಾಗ ಐತಂತ. ಮುಂಜೇಲೆ ಅಲ್ಲೆ ಮಂಜು ಮುಚ್ಚಿತ್ತಂತ. ಅದು ಇಲ್ಲಿ ಬರಬೇಕು, ನಮ್ಮನ್ನ ಒಯ್ಯಬೇಕು."

"ಮತ್ತ ನೀವು?"

"ಹುಬ್ಬಳ್ಳ್ಯಾಗ ಗಾಜಿನ ಮನ್ಯಾಗ ಕುಂತೀವಿ. ಒಳಗ ಬರಾಕ ಬೆಲ್ಟ ಬಿಚ್ಚಿಸಿದ್ರು. ನಾವು ಕುಂತ ಕುಂತ ಬುತ್ತಿ ಬಿಚ್ಚಿದ್ವಿ. ನಿಮ್ಮವ್ವಗ ಹೇಳು, ರೊಟ್ಟಿ ಜೋಡಿ ಶೇಂಗಾ ಹಿಂಡಿ ಅಗದಿ ಚಲೋ ಆಗೇತಿ."

ಎರಡು ನಿಲ್ದಾಣಗಳ ನಡುವಿನ ಹೊತ್ತು ನನಗೆ ಗೊತ್ತಿತ್ತು. ಒಂದೇ ನಿಲ್ದಾಣದಲ್ಲಿ ಎಷ್ಟು ಹೊತ್ತು ಕೂಡಬೇಕು ಅನ್ನುವುದನ್ನು ಫೋನು ಹೇಳಿರಲಿಲ್ಲ. ಆದರೂ ನಾನು ಧೈರ್ಯಗೆಡಲಿಲ್ಲ. ಆಯಿಯ ಎದುರು ಕೂತು ಪಾಠ ಮಾಡುವ ದನಿಯಲ್ಲಿ ಸುರುಮಾಡಿದೆ.

"ಆಯಿ, ಕಾಕಾ ಹುಬ್ಬಳ್ಳಿ ಮುಟ್ಟ್ಯಾನ. ಒಂದ ಪ್ರಯಾಣ ಮುಗೀತು. ಇನ್ನೊಂದು ಸುರು ಆಗಿಲ್ಲ. ಈ ನಡುವ ಕಸಾ ಹೊಡದ್ರ ಯಾರ ಬೆನ್ನಿಗೂ ಬಾರಿಗಿ ಹಿಡದಂಗ ಆಗೂದಿಲ್ಲ."

"ಅಂವ ಮನಿ ಬಿಡೂಮುಂದ ಎಲ್ಲಿಗೆ ಹೊಂಟೀನಿ ಅಂದ?"

"ದಿಲ್ಲಿಗೆ."

"ಮತ್ತ?" ಅಂದಳು ಆಯಿ.

ಅಡಿಗೆಮನೆಯಲ್ಲಿ ಅವ್ವ ಶಿರಾಕ್ಕೆ ರವೆ ಹುರಿಯುತ್ತ ಕಾದಿದ್ದಳು. "ನೀ ಮಾಸ್ತರ ಅದೀಯಲ್ಲ, ತಿಳಿಸಿ ಹೇಳಬಾರದ ನಿಮ್ಮಾಯಿಗೆ?"

"ಹೇಳಿದೆ."

"ಏನಂದ್ರು?"

"ಮತ್ತ? ಅಂದ್ಲು."

ಅವ್ವ ಸೌಟನ್ನು ಕೊಂಚ ಜೋರಾಗಿಯೇ ಬಡಿದಳು.

ಎರಡು ದಾಟಿದ ಮೇಲೆ ಕಾಕಾನಿಂದ ಮತ್ತೊಂದು ಫೋನು: ಹತ್ತಿ ಕೂತಿದ್ದೇವೆ, ಕರಡಿಯನ್ನು ಸಾಮಾನಿನ ಜೊತೆ ಕೆಳಗೆ ಹಾಕಿದ್ದಾರೆ, ಅದು ಸುರಕ್ಷಿತ ಇದೆಯೋ ಇಲ್ಲವೋ ಅಂತ ಜೀವಕ್ಕೆ ಸಮಾಧಾನವಿಲ್ಲ, ಫೋನು ಬಂದ್ ಮಾಡಬೇಕಂತೆ. ಬಂದಾಯಿತು. ಸಂಶಿಯವರೂ ಮನೆ ಬಿಟ್ಟಿದ್ದರು. ಒಂದು ಕಡೆಯಿಂದ ಬಾಡಿಗೆ ಕಾರು, ಇನ್ನೊಂದು ಕಡೆಗೆ ವಿಮಾನ. ಕಾರು ಮೊದಲು ಮುಟ್ಟುತ್ತದೆ ಅನ್ನಲು ಯಾವ ಡಿಗ್ರಿಯೂ ಬೇಕಿರಲಿಲ್ಲ.

ನೇತ್ರಾ ಸೀರೆ ಉಟ್ಟುಕೊಂಡು ಬಂದವಳು ಸೀದಾ ಆಯಿಯ ಮುಂದೆ ಕೈ ನೀಡಿದಳು. "ಕೊಡು ಬಾರಿಗಿ. ನಾನ ಹೊಡೀತೀನಿ."

ಆಯಿ ಬೇಡ ಅನ್ನಲಿಲ್ಲ. ಪಕ್ಕದಲ್ಲಿದ್ದ ಬಾರಿಗೆ ತೆಗೆದು ಅವಳ ಕೈಗೇ ಇಟ್ಟಳು. "ಹೊಡಿ. ನಿಮ್ಮ ಕಾಕಾ ಆಕಾಶದಾಗ ಅದಾನ."

ನೇತ್ರಾ ಕಬ್ಬಿನ ಸಿಪ್ಪೆಗಳ ನಡುವೆ ಬಗ್ಗಿ ನಿಂತಳು. ನಿಂತೇ ಇದ್ದಳು. ಕಡೆಗೆ ಬಾರಿಗೆಯನ್ನು ನನ್ನ ಕೈಗೆ ಕೊಟ್ಟು, "ನೀ ಹೊಡಿ. ನೀ ಇದನ್ನೆಲ್ಲ ನಂಬೂದಿಲ್ಲಲ್ಲ" ಅಂದಳು.

ಹೌದು, ನಾನು ನಂಬುವುದಿಲ್ಲ. ಮಕ್ಕಳಿಗೆ ವೈಜ್ಞಾನಿಕ ಮನೋಭಾವದ ಪಾಠ ಮಾಡುವವನು. ನಾನೂ ಬಗ್ಗಿದೆ. ಆಕಾಶದ ಅಷ್ಟು ಎತ್ತರದಲ್ಲಿ, ಬುತ್ತಿಯ ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಕರಡಿಯ ಚಿಂತೆ ಮಾಡುತ್ತ ಕೂತ ಕಾಕಾ ಕಣ್ಣ ಮುಂದೆ ಬಂದ. ನನ್ನ ಕೈ ಏಳಲಿಲ್ಲ. ಗೋಡೆಯ ಮೇಲಿಂದ ಕಪ್ಪು ಗೌನಿನವನು ನನ್ನನ್ನೇ ನೋಡುತ್ತಿದ್ದ.

ಕೈ ಏಳದಿದ್ದರೂ ತಲೆ ಓಡಿತು. ಅಟ್ಟದ ಮೇಲೆ ನವಲಗುಂದದ ದೊಡ್ಡ ಜಮಖಾನವಿತ್ತು, ಎರಡು ನವಿಲುಗಳು ಎದುರುಬದುರಾಗಿ ನಿಂತದ್ದು. ಅದನ್ನು ಇಳಿಸಿ, ಕಡಲೆ ಸಿಪ್ಪೆ, ಜಗಿದು ಉಗುಳಿದ ಕಬ್ಬು, ಎಲ್ಲದರ ಮೇಲೆ ಹಾಸಿಬಿಟ್ಟೆ. ಗೋಡೆಯಿಂದ ಗೋಡೆಗೆ ಮುಚ್ಚಿಹೋಯಿತು. ಕಸ ಹೊಡೆದ ಹಾಗೂ ಆಗಲಿಲ್ಲ, ಕಾಣುವ ಹಾಗೂ ಇಲ್ಲ. ಆಯಿ ಇದಕ್ಕೆ ಆಕ್ಷೇಪ ಮಾಡಲಿಲ್ಲ. ಅವಳ ಕಾಯ್ದೆಯಲ್ಲಿ ಜಮಖಾನದ ಪ್ರಸ್ತಾಪವಿರಲಿಲ್ಲ. ನಾಲ್ಕರ ಹೊತ್ತಿಗೆ ಕಾರು ಬಂತು.

ಬಂದವರು ಮೂವರು. ಪ್ರವೀಣ, ಅವನ ತಾಯಿ ಶಾಂತವ್ವ, ಮತ್ತು ಆ ಸೋದರಮಾವ. ಈ ಮಾವ ಒಳ್ಳೆಯ ಗಟ್ಟಿ ಆಳು. ಅವರು ಕೈಕಾಲು ತೊಳೆದು, ಒಳಗೆ ಬಂದು, ನವಿಲಿನ ಮೇಲೆ ಕೂತರು.

ಜಮಖಾನದ ಕೆಳಗಿನಿಂದ ಚರ್ರಂತ ಸಪ್ಪಳ ಬಂತು.

ಅಪ್ಪ, "ಹಾದಿ ಹ್ಯಾಂಗ ಇತ್ರಿ?" ಅಂದ. "ಚಲೋ ಐತ್ರಿ" ಅನ್ನುತ್ತ ಮಾವ ಅವನ ಕಡೆ ಹೊರಳಿದರು. ಚರಚರ. ಕೂತದ್ದನ್ನು ಸರಿಮಾಡಿಕೊಳ್ಳಲು ಒಂದು ಕೈ ಊರಿದರು. ಅಲ್ಲಿ ಕಬ್ಬಿನ ಗಿಣ್ಣು ಇತ್ತೆಂದು ಕಾಣುತ್ತದೆ, ಮುಖ ಸ್ವಲ್ಪ ಹಿಂಡಿದರು. ಪ್ರವೀಣ ಮರ್ಯಾದೆಯ ಹುಡುಗ, ಎಲ್ಲೂ ಒತ್ತಡ ಬೀಳದ ಹಾಗೆ ಅರ್ಧ ಗಾಳಿಯಲ್ಲಿ ಕೂತಿದ್ದ. ಶಿರಾ ಉಪ್ಪಿಟ್ಟು ತಂದ ನೇತ್ರಾ ಒಂದೊಂದು ಹೆಜ್ಜೆ ಇಟ್ಟಾಗಲೂ ಹುರಿದ ಹಪ್ಪಳದ ಮೇಲೆ ನಡೆದಂತೆ ಕೇಳುತ್ತಿತ್ತು. ನಾಚಿಕೆಯಿಂದ ಅಲ್ಲ, ಕಾಲಕೆಳಗಿನ ಗದ್ದಲಕ್ಕೆ ಅವಳ ಮುಖ ಕೆಂಪಾಗಿತ್ತು.

ಶಾಂತವ್ವ ತಾಟನ್ನು ಬಾಜೂಕೆ ಇಟ್ಟರು. ತಮ್ಮ ಹತ್ತಿರದ ಜಮಖಾನದ ತುದಿಯನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು. ಅವ್ವ ಅಡಿಗೆಮನೆಯ ಬಾಗಿಲಿನ ಮರೆಗೆ ಸರಿದಳು. ನೀರು ಬಂದಿರಲಿಲ್ಲ ಅನ್ನಲೇ, ನಾಯಿ ನುಗ್ಗಿತ್ತು ಅನ್ನಲೇ ಅಂತ ನಾನು ಸುಳ್ಳು ಆರಿಸುತ್ತಿದ್ದೆ. ಅಷ್ಟರಲ್ಲಿ ಶಾಂತವ್ವನ ಚೀಲದಲ್ಲಿ ಫೋನು ರಿಂಗಾಯಿತು. ಅವರು ಅದನ್ನು ತೆಗೆದು, ನಮ್ಮ ಕಡೆಯ ಹಿರಿಯರೆಲ್ಲ ಮಾಡುವಂತೆ ಸ್ಪೀಕರಿಗೆ ಹಾಕಿ, ಬಾಯಿಯ ಮುಂದೆ ಹಿಡಿದರು.

ಒಳಗಿನಿಂದ ಅವರ ಹಿರಿಯ ಸೊಸೆಯ ದನಿ ಪಡಸಾಲೆಯ ತುಂಬ ಕೇಳಿತು.

"ಅತ್ತಿ, ಮುಟ್ಟೀರೇನ್ರಿ? ಹೊತ್ತ ಹೊಂಟೈತಿ. ಕಸಾ ಹೊಡೀಲೇನ್ರಿ?"

"ಹೂಂ, ಮುಟ್ಟೀವಿ. ಹೊಡಿ" ಅಂದು ಶಾಂತವ್ವ ಫೋನು ಇಟ್ಟರು. ಎತ್ತಿದ್ದ ಜಮಖಾನದ ತುದಿಯನ್ನು ಮೆಲ್ಲಗೆ ಕೆಳಗಿಳಿಸಿ ಆಯಿಯ ಕಡೆ ತಿರುಗಿದರು.

"ನಿಮ್ಮ ಮನಿಯಿಂದ ಯಾರ ಹೋಗ್ಯಾರ್ರಿ?"

"ನನ್ನ ಸಣ್ಣ ಮಗರಿ. ದಿಲ್ಲಿಗೆ ಹೋಗ್ಯಾನ, ವಿಮಾನದಾಗ."

"ಇನ್ನಾ ಮುಟ್ಟಿಲ್ಲೇನ್ರಿ?"

"ಇಲ್ಲರಿ. ಮುಂಜೇಲಿಂದ ಜೀವಾ ಹಿಡಕೊಂಡ ಕುಂತೀನಿ. ನಿಮ್ಮಲ್ಲೂ ಐತೇನ್ರಿ ಇದು?"

"ನಮ್ಮತ್ತಿ ಹಾಕಿಕೊಟ್ಟದ್ದರಿ. ಬಿಡಬೇಕಂದ್ರ ಕೈ ಬರವಲ್ತು."

ಸೋದರಮಾವ ಎದ್ದು ನಿಂತು, ಹಿಂಭಾಗ ಜಾಡಿಸಿಕೊಂಡು, "ಮೊದಲ ಹೇಳಬಾರದೇನ್ರಿ ಮಾಸ್ತರ? ಮುಳ್ಳಿನ ಮ್ಯಾಲ ಕುಂತಂಗಾಗಿತ್ತು" ಅಂದರು. ಆಮೇಲೆ ಎಲ್ಲರೂ ಒಮ್ಮೆಲೇ ನಕ್ಕದ್ದು ಓಣಿಯ ತುದಿಗೆ ಕೇಳಿರಬೇಕು. ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು.

ಅಲ್ಲಿಗೆ ಕನ್ಯೆ ನೋಡುವ ಶಾಸ್ತ್ರ ನಿಂತು, ವಿಮಾನ ನೋಡುವ ಶಾಸ್ತ್ರ ಸುರುವಾಯಿತು. ವಿಮಾನ ಎಲ್ಲಿದೆ ಅಂತ ತೋರಿಸುವ ನಕಾಶೆಯೊಂದು ನನ್ನ ಫೋನಿನಲ್ಲಿತ್ತು. ಅದರಲ್ಲಿ ಒಂದು ಹಳದಿ ಚಿಕ್ಕ ವಿಮಾನ ಅಲುಗಿಯೂ ಅಲುಗದಂತೆ ಉತ್ತರಕ್ಕೆ ಹೊರಟಿತ್ತು. ಭೋಪಾಲ ದಾಟಿತ್ತು. ಆಯಿ ಕಣ್ಣು ಕಿರಿದು ಮಾಡಿ, "ಇರಿವಿ ಹೊಂಟಂಗ ಹೊಂಟೈತಲ್ಲೋ" ಅಂದಳು. ನಾನು ವೇಗ, ಎತ್ತರ ಎಲ್ಲಿ ಕಾಣುತ್ತದೆ ಅಂತ ತಡಕಾಡುತ್ತಿದ್ದೆ. ಪ್ರವೀಣ, "ಸ್ವಲ್ಪ ಕೊಡ್ರಿಲ್ಲೆ" ಅಂತ ಫೋನು ತೆಗೆದುಕೊಂಡ. ಎರಡು ಬೆರಳು ಆಡಿಸಿ ನಕಾಶೆ ದೊಡ್ಡದು ಮಾಡಿದ, ಇನ್ನೆಷ್ಟು ಹೊತ್ತು ಅನ್ನುವುದನ್ನೂ ತೋರಿಸಿದ. ಇಷ್ಟು ವರ್ಷ ನನ್ನದಾಗಿದ್ದ ಹುದ್ದೆ ಹೀಗೆ ಕೈಬಿಟ್ಟಿತು.

ಎಲ್ಲರೂ ಅವನ ಸುತ್ತ ಕೂಡಿದರು. ನೇತ್ರಾ ಚಾ ಕೊಡಲು ಬಂದವಳು ಅಲ್ಲೇ ನಿಂತಳು. ದಿಲ್ಲಿ ಹತ್ತಿರ ಬಂತು ಅನ್ನುವಾಗ ಹಳದಿ ವಿಮಾನ ಓರೆಯಾಗಿ ಹೊರಳಿ, ಬಂದ ಹಾದಿಗೇ ತಿರುಗಿತು. ಮತ್ತೆ ಹೊರಳಿತು.

"ಯಾಕ ಸುತ್ತಾಕತ್ತೈತ್ರಿ ಅದು?" ಅಂದಳು ನೇತ್ರಾ. ಅವಳು ಅವನಿಗೆ ಆಡಿದ ಮೊದಲ ಮಾತು ಅದೇ.

"ಕೆಳಗ ಸಾಲ ಹಚ್ಚ್ಯಾರ್ರಿ. ಮುಂಜೇಲಿಂದ ತಡಾ ಆದುವೆಲ್ಲ ಒಮ್ಮೆಲೆ ಬಂದಾವು. ಇದರ ಪಾಳಿ ಬರಬೇಕು."

"ನಮ್ಮ ದವಾಖಾನಿ ಇದ್ದಂಗ."

"ನಮ್ಮ ಅಂಗಡಿನೂ ಹಂಗರಿ, ಮಳಿಗಾಲ ಮುಗೀತಂದ್ರ. ಎಲ್ಲಾರ ಪಂಪೂ ಒಂದ ದಿನಾ ಕೆಡತಾವು."

ಮಾತು ಮುಂದುವರಿಯಿತು. ನಾನು ಕೇಳಿಸಿಕೊಳ್ಳದವನಂತೆ ಹೊರಗೆ ನೋಡಿದೆ. ಬಿಸಿಲು ಬೇವಿನ ಗಿಡದ ನೆತ್ತಿಗೆ ಏರಿತ್ತು. ಅವ್ವ ದೀಪದ ಬತ್ತಿ ಹೊಸೆದು ಇಟ್ಟಿದ್ದಳು, ಹಚ್ಚಿರಲಿಲ್ಲ. ಇವತ್ತು ಹೊತ್ತು ಮುಳುಗಿದರೆ ಬೀಗರಾಗುವವರು ಕಸದ ಮೇಲಿನಿಂದಲೇ ಎದ್ದು ಹೋಗಬೇಕು.

"ಇಳೀತು" ಅಂದ ಪ್ರವೀಣ.

ಅವ್ವ ಬಾರಿಗೆಗೆ ಕೈ ಹಾಕಿದಳು. ಆಯಿ ಕೈ ಎತ್ತಿ ತಡೆದಳು. "ವಿಮಾನ ಇಳೀತು. ನನ್ನ ಮಗಾ ಇಳದಾನೇನು?"

ಶಾಂತವ್ವ, "ಖರೇ ಐತ್ರಿ. ಕಾಲ ನೆಲಕ್ಕ ಹತ್ತಬೇಕು" ಅಂದರು. ಇಬ್ಬರು ಹಿರಿಯರು ಒಂದಾದ ಮೇಲೆ ಮಾತಿಲ್ಲ. ಕಾಯುತ್ತ ಕೂತೆವು. ಫೋನು ಬಂತು.

"ಮುಟ್ಟೀನಲೇ" ಅಂದ ಕಾಕಾ.

ಆಯಿ ಫೋನಿಗೆ ಬಗ್ಗಿದಳು. "ಈರಪ್ಪಾ, ಕಾಲ ನೆಲಕ್ಕ ಹತ್ತ್ಯಾವೇನೋ?"

"ಇಲ್ಲಬೇ, ಇನ್ನಾ ಒಳಗ ಅದೀವಿ. ಇದು ನೆಲದ ಮ್ಯಾಲ ಬಸ್ಸಿನಂಗ ಓಡಾಕತ್ತೈತಿ. ಎಲ್ಲಾರೂ ಎದ್ದ ನಿಂತಾರ, ಬಾಗಲಾ ತಗೀವಲ್ರು."

"ಫೋನ್ ಇಡಬ್ಯಾಡ. ಇಳದ ಹೇಳು."

ಹೀಗೆ ಸಂಶಿಯ ಮೂವರು, ನಮ್ಮ ಮನೆಯವರೆಲ್ಲ, ಉಸಿರು ಹಿಡಿದು ದಿಲ್ಲಿಯ ಗದ್ದಲ ಕೇಳಿದೆವು. ಯಾರೋ ಹಿಂದಿಯಲ್ಲಿ ಸರಿಯಿರಿ ಅಂದರು. ಯಾರದೋ ಕೂಸು ಅತ್ತಿತು. ಆಮೇಲೆ ಮೆಟ್ಟಿಲಿನ ಮೇಲೆ ದಡದಡ ಸಪ್ಪಳ.

"ಹತ್ತ್ಯಾವಬೇ" ಅಂದ ಕಾಕಾ. "ಯಪ್ಪಾ, ಏನ ಥಂಡಿ."

ನೇತ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಮಖಾನದ ಒಂದು ತುದಿ ಹಿಡಿದಳು. ಅಷ್ಟು ದೊಡ್ಡ ಜಮಖಾನ ಒಬ್ಬರಿಂದ ಏಳುವುದಲ್ಲ. ನಾನು ಏಳುವುದರೊಳಗೆ ಪ್ರವೀಣ ಇನ್ನೊಂದು ತುದಿ ಹಿಡಿದಿದ್ದ. ಇಬ್ಬರೂ ಅದನ್ನು ಅಂಗಳಕ್ಕೆ ಒಯ್ದು ಜಾಡಿಸಿದರು. ಕಡಲೆಯ ಸಿಪ್ಪೆ ಇಳಿಬಿಸಿಲಿನಲ್ಲಿ ಮೇಲೆ ಹಾರಿತು, ಅವನ ಇಸ್ತ್ರಿ ಅಂಗಿಯ ಮೇಲೆ ಬಿತ್ತು, ಅವಳ ತಲೆಯ ಮೇಲೆ ಬಿತ್ತು. ಒಳಗೆ ಅವ್ವ ಬರಬರ ಕಸ ಹೊಡೆದು ದೀಪ ಹಚ್ಚಿದಳು. ಹುಡುಗಿ ಒಪ್ಪಿಗೆಯೇ ಅಂತ ಅಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವಾಗ ಶಾಂತವ್ವ ಆಯಿಗೆ ಅಂದದ್ದು ಇಷ್ಟೇ: "ನಾವು ಮುಟ್ಟಿದ್ದು ಫೋನ್ ಮಾಡತೀವ್ರಿ. ಈಗಂತೂ ದೀಪಾ ಹಚ್ಚೀರಿ, ಹೊಡಿಯಂಗಿಲ್ಲ. ಆದ್ರೂ ಮಾಡತೀವಿ."

ಬೇಸಿಗೆಯಲ್ಲಿ ಮದುವೆಯಾಯಿತು. ಮುಹೂರ್ತ ಮುಗಿದು, ಊಟ ಮುಗಿದು, ಮಧ್ಯಾಹ್ನಕ್ಕೇ ನೇತ್ರಾಳನ್ನು ಸಂಶಿಗೆ ಕಳಿಸಿಕೊಟ್ಟೆವು. ಕಾರಿನಲ್ಲಿ ಒಂದೂವರೆ ತಾಸಿನ ಹಾದಿ. ಕಾಕಾ ಕಾರು ಊರು ದಾಟುವತನಕ ಕರಡಿ ಬಾರಿಸುತ್ತ ಹಿಂದೆ ನಡೆದ. ಪಡಸಾಲೆಯ ತುಂಬ ಅಕ್ಕಿಕಾಳು, ಹೂವಿನ ಎಸಳು, ಯಾರದೋ ಕೈಯಿಂದ ಒಡೆದು ಬಿದ್ದ ಹಸಿರು ಬಳೆಯ ಚೂರು.

ನಾಲ್ಕರ ಸುಮಾರಿಗೆ ಫೋನು ಬಂತು. ನಾನೂ ಸ್ಪೀಕರಿಗೆ ಹಾಕಿದೆ.

"ಆಯಿ, ಮುಟ್ಟಿದೆ. ಕಾಲೂ ನೆಲಕ್ಕ ಹತ್ತ್ಯಾವು. ಕಸಾ ಹೊಡೀರಿ" ಅಂದಳು ನೇತ್ರಾ. ಹಿಂದೆ ಪ್ರವೀಣ ನಗುವುದು ಕೇಳಿತು.

"ಹೂಂ" ಅಂದಳು ಆಯಿ.

ಬಾರಿಗೆ ಅವಳ ಬಾಜೂಕೇ ಇತ್ತು. ಅವ್ವ ಬಂದು ಕೈ ನೀಡಿದಳು. ಆಯಿ ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು, ಕೊಡಲಿಲ್ಲ. ಅವ್ವ ಸ್ವಲ್ಪ ನಿಂತು ಒಳಗೆ ಹೋದಳು.

"ಮುಟ್ಟ್ಯಾಳಲ್ಲ, ಆಯಿ" ಅಂದೆ ನಾನು.

"ಮುಟ್ಟ್ಯಾಳ."

"ಮತ್ತ?"

ಆಯಿ ಬಾರಿಗೆಯ ಕಡ್ಡಿಗಳನ್ನು ಒಂದೊಂದಾಗಿ ಸರಿಮಾಡುತ್ತಿದ್ದಳು. "ಹೊತ್ತ ಮುಳುಗೇತಿ ತಮ್ಮಾ. ಈಗ ಹೊಡೀಬಾರದು. ನಾಳೆ ನೋಡೂಣು."

ನಾನು ಬಾಗಿಲಿನಿಂದ ಹೊರಗೆ ನೋಡಿದೆ. ಬಿಸಿಲು ಅಂಗಳದಲ್ಲಿ ಸುಡುತ್ತಿತ್ತು. ಬೇವಿನ ಗಿಡದ ನೆರಳು ಇನ್ನೂ ಅಂಗಳದ ಅರ್ಧಕ್ಕೂ ಬಂದಿರಲಿಲ್ಲ. ಇಂಥ ವಿಷಯದಲ್ಲಿ ನಮ್ಮ ಮನೆಯಲ್ಲಿ ಕಡೆಯ ಮಾತು ಡಿಗ್ರಿ ಮಾಡಿದವನದು. ಆಯಿ ನನ್ನ ಮುಖ ನೋಡುತ್ತಿದ್ದಳು.

"ಹೌದ ಆಯಿ, ಮುಳುಗೇತಿ" ಅಂದೆ.